ಎತ್ತಿನ ಕೈಗೆ ಕುಂಚ ಕೊಟ್ಟರೆ

ಅರಿಸ್ಟಾಟಲನ ಶಿಷ್ಯ ಅರಿಸ್ಟಾಕ್ಸೆನಸ್ ಹೇಳಿದನೆನ್ನುವ ಒಂದು ಕಥೆ ಕ್ರಿ.ಶ. 4ನೆಯ ಶತಮಾನದ ಕ್ರೈಸ್ತ ಲೇಖಕ ಯುಸೇಬಿಯಸ್‌ನ ಗ್ರಂಥದಲ್ಲಿ ಉಳಿದುಬಂದಿದೆ. ಅಥೆನ್ಸಿಗೆ ಬಂದ ಭಾರತೀಯನೊಬ್ಬ ಸಾಕ್ರಟೀಸನನ್ನು ಕಂಡು, ನಿನ್ನ ತತ್ತ್ವಚಿಂತನೆ ಯಾವುದರ ಕುರಿತು ಎಂದು ಕೇಳಿದನಂತೆ. ಮನುಷ್ಯನ ಬದುಕನ್ನು ಕುರಿತು ವಿಚಾರಿಸುತ್ತೇನೆ ಎಂದನಂತೆ ಸಾಕ್ರಟೀಸ್. ಭಾರತೀಯ ನಕ್ಕುಬಿಟ್ಟ. ದೈವ ಏನೆಂದು ತಿಳಿಯದವನಿಗೆ ಮನುಷ್ಯ ಏನೆಂದು ತಿಳಿಯುವುದಾದರೂ ಹೇಗೆ?

ಈ ಭೇಟಿ ನಡೆದಿತ್ತೆಂದು ನಂಬುವುದಕ್ಕೆ ಬೇರೆ ಆಧಾರವಿಲ್ಲ. ಅರಿಸ್ಟಾಕ್ಸೆನಸ್‌ಗೆ ಸಾಕ್ರಟೀಸನ ಮೇಲೆ ಒಲವೂ ಇರಲಿಲ್ಲ. ಆದರೂ ಕಥೆ ಕಟ್ಟಿದವರು ಗ್ರೀಕ್ ಚಿಂತನೆಯ ನರವನ್ನೇ ಹಿಡಿದಿದ್ದಾರೆ. ತನ್ನನ್ನು ತಾನು ತಿಳಿಯುವುದು ಮೊದಲೋ, ದೇವರನ್ನು ಕುರಿತು ತರ್ಕಿಸುವುದು ಮೊದಲೋ? ಕ್ಸೆನೊಫನೀಸ್‌ನಿಂದ ಪ್ಲೊಟಿನಸ್‌ನವರೆಗೆ, ಸುಮಾರು ಎಂಟು ನೂರು ವರ್ಷ, ಈ ಎರಡು ಪ್ರಶ್ನೆಗಳು ಒಂದನ್ನೊಂದು ಬಿಟ್ಟು ನಡೆದದ್ದು ಅಪರೂಪ. ಒಂದು ಇನ್ನೊಂದಕ್ಕೆ ಕಡಿವಾಣವಾಗಿದ್ದಾಗ ಆ ಪರಂಪರೆ ತನ್ನ ಅತ್ಯುತ್ತಮ ಸ್ಥಿತಿಯಲ್ಲಿತ್ತು ಎಂದು ನನ್ನ ತಿಳಿವಳಿಕೆ. ಕಡಿವಾಣ ಸಡಿಲಿದಾಗ ದೊಡ್ಡ ದೊಡ್ಡ ಮೇಧಾವಿಗಳೂ ತಮ್ಮ ಮುಖವನ್ನೇ ದೇವರೆಂದು ಬರೆದುಕೊಂಡರು.

ಮೊದಲು ಡೆಲ್ಫಿ. ಪಾರ್ನಾಸಸ್ ಬೆಟ್ಟದ ಇಳಿಜಾರಿನಲ್ಲಿದ್ದ ಅಪೋಲೋ ದೇವಾಲಯದ ಮುಖಮಂಟಪದಲ್ಲಿ, ನಿನ್ನನ್ನು ನೀನು ತಿಳಿ ಎಂಬ ಮಾತನ್ನೂ ಯಾವುದೂ ಅತಿಯಾಗದಿರಲಿ ಎಂಬ ಮಾತನ್ನೂ ಬರೆಸಿದ್ದರೆಂದು ಪ್ರವಾಸಿ ಪೌಸೇನಿಯಸ್ ದಾಖಲಿಸಿದ್ದಾನೆ. ಉಪನಿಷತ್ತುಗಳ, ವಚನಗಳ ಗಾಳಿಯಲ್ಲಿ ಬೆಳೆದ ನಮಗೆ ಮೊದಲನೆಯ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮದೇ ಅರ್ಥ ಹೊಳೆಯುತ್ತದೆ: ಒಳಗೆ ಹೊಕ್ಕು ನೋಡು, ಅಲ್ಲಿರುವುದು ದೈವವೇ. ಡೆಲ್ಫಿಗೆ ಬಂದ ಗ್ರೀಕನಿಗೆ ಅದು ಹೇಳುತ್ತಿದ್ದುದು ಹೆಚ್ಚುಕಡಿಮೆ ಇದಕ್ಕೆ ವಿರುದ್ಧವಾದದ್ದನ್ನು. ನೀನು ಸಾಯುವವನು, ದೇವರಲ್ಲ, ಮರೆಯಬೇಡ. ಇಲಿಯಡ್‌ನಲ್ಲಿ ಯುದ್ಧದ ಅಮಲೇರಿದ ಡಯೋಮಿಡೀಸ್ ಅಪೋಲೋನ ಮೇಲೆಯೇ ಎರಗುತ್ತಾನೆ. ಮೂರು ಸಲ ಅವನನ್ನು ಹಿಂದಕ್ಕೆ ತಳ್ಳಿದ ಅಪೋಲೋ, ನಾಲ್ಕನೆಯ ಸಲ, ನಮ್ಮ ಕುಲವೇ ಬೇರೆ, ನಿಮ್ಮ ಕುಲವೇ ಬೇರೆ ಎಂದು ಗದರಿಸುತ್ತಾನೆ. ಮುಖಮಂಟಪದ ಬರಹದಲ್ಲಿದ್ದದ್ದು ಆ ಗದರಿಕೆಯೇ. ತನ್ನನ್ನು ತಿಳಿಯುವುದೆಂದರೆ ತನ್ನ ಎಲ್ಲೆಯನ್ನು ತಿಳಿಯುವುದು. ಈ ಎಲ್ಲೆ ಹೇಗೆ ಏಣಿಯಾಯಿತು, ಆದದ್ದರಿಂದ ಬಂದದ್ದೇನು, ಹೋದದ್ದೇನು ಎಂಬುದೇ ಮುಂದಿನ ಚರಿತ್ರೆ.

ಕ್ಸೆನೊಫನೀಸ್ ಇಂದಿನ ಟರ್ಕಿಯ ಕರಾವಳಿಗೆ ಹತ್ತಿರದ ಕೊಲೊಫಾನ್‌ನವನು, ಕ್ರಿ.ಪೂ. 6ನೆಯ ಶತಮಾನದವನು. ಊರೂರು ತಿರುಗಿ ಪದ್ಯ ಹೇಳುವುದು ಅವನ ಜೀವನ. 25ನೆಯ ವಯಸ್ಸಿನಿಂದ 67 ವರ್ಷ ಗ್ರೀಕ್ ನೆಲದಲ್ಲಿ ಅಲೆದೆನೆಂದು ಅವನೇ ಹೇಳಿಕೊಂಡಿದ್ದಾನೆ. ಅಷ್ಟು ಊರು ಸುತ್ತಿದವನಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಥಿಯೋಪಿಯಾದವರ ದೇವರುಗಳು ಕಪ್ಪು ಬಣ್ಣದ, ಚಪ್ಪಟೆ ಮೂಗಿನ ದೇವರುಗಳು. ಥ್ರೇಸ್‌ನವರ ದೇವರುಗಳಿಗೆ ನೀಲಿ ಕಣ್ಣು, ಕೆಂಚು ಕೂದಲು. ಎತ್ತು, ಕುದುರೆ, ಸಿಂಹಗಳಿಗೂ ಕೈಯಿದ್ದು ಚಿತ್ರ ಬರೆಯಲು ಬರುತ್ತಿದ್ದರೆ ಎತ್ತು ಎತ್ತಿನಂಥ ದೇವರನ್ನೂ ಕುದುರೆ ಕುದುರೆಯಂಥ ದೇವರನ್ನೂ ಬರೆಯುತ್ತಿತ್ತು ಎಂದನವನು. ಇನ್ನೊಂದು ಮಾತು ಇದಕ್ಕಿಂತ ಖಾರವಾದದ್ದು. ಮನುಷ್ಯರಲ್ಲಿ ನಾಚಿಕೆಗೇಡೆನಿಸುವ ಕಳವು, ಹಾದರ, ಮೋಸಗಳನ್ನೆಲ್ಲ ಹೋಮರ್ ಮತ್ತು ಹೆಸಿಯಡ್ ದೇವರಿಗೆ ಹೊರಿಸಿದರು. ಮಕ್ಕಳು ಅಕ್ಷರ ಕಲಿಯುತ್ತಿದ್ದದ್ದೇ ಹೋಮರನಿಂದ ಆಗಿದ್ದ ಸಮಾಜದಲ್ಲಿ ಇಂಥದನ್ನು ಆಡುವುದಕ್ಕೆ ಎದೆ ಬೇಕು.

ಇಷ್ಟಕ್ಕೇ ನಿಂತಿದ್ದರೆ ಅವನೊಬ್ಬ ಟೀಕಾಕಾರ ಮಾತ್ರ. ಅವನು ಮುಂದೆಯೂ ಹೋದ. ದೇವರೊಬ್ಬನಿದ್ದಾನೆ, ದೇಹದಲ್ಲಾಗಲಿ ಚಿಂತನೆಯಲ್ಲಾಗಲಿ ಮನುಷ್ಯರನ್ನು ಹೋಲದವನು, ಇದ್ದಲ್ಲೇ ಇದ್ದು ಬರಿಯ ಮನಸ್ಸಿನಿಂದ ಎಲ್ಲವನ್ನೂ ಅಲುಗಿಸುವವನು. ಹೀಗೆಂದವನನ್ನು ಅವನದೇ ಪ್ರಶ್ನೆ ಹಿಡಿದು ನಾವು ಕೇಳಬಹುದು: ಕೈಕಾಲಿಲ್ಲದ, ಬರಿಯ ಚಿತ್ತವಾದ ಈ ದೇವರು ಚಿಂತಕನೊಬ್ಬ ಬರೆದುಕೊಂಡ ಚಿತ್ರವಲ್ಲವೇ? ಕ್ಸೆನೊಫನೀಸ್‌ಗೆ ಇದರ ಅಳುಕು ಇತ್ತು. ದೇವರುಗಳನ್ನು ಕುರಿತ ನಿಚ್ಚಳ ಸತ್ಯವನ್ನು ಕಂಡವರು ಯಾರೂ ಇಲ್ಲ, ಮುಂದೆ ಕಾಣುವವರೂ ಇಲ್ಲ. ಯಾರಾದರೂ ಅಪ್ಪಟ ಸತ್ಯವನ್ನೇ ನುಡಿದುಬಿಟ್ಟರೂ ಅದು ಸತ್ಯವೆಂದು ಅವರಿಗೇ ಗೊತ್ತಾಗಲಾರದು ಎಂದು ಅವನು ಬರೆದ. ದೇವರ ಬಗ್ಗೆ ಧೈರ್ಯವಾಗಿ ತರ್ಕಿಸು, ತರ್ಕಿಸುವವನು ಮನುಷ್ಯನೆಂಬುದನ್ನು ಮಾತ್ರ ಮರೆಯಬೇಡ. ಡೆಲ್ಫಿಯ ಎಚ್ಚರವನ್ನು ಬುದ್ಧಿಯ ವ್ಯವಹಾರಕ್ಕೆ ಮೊದಲು ಅನ್ವಯಿಸಿದವನು ಇವನೇ. ಈ ಪರಂಪರೆಯ ಮಿಕ್ಕವರನ್ನು ನಾನು ಅಳೆಯುವುದು ಇವನ ಎತ್ತು ಕುದುರೆಗಳಿಂದ.

ಎಫೆಸಸ್‌ನ ಹೆರಾಕ್ಲಿಟಸ್ ತನ್ನನ್ನು ತಾನೇ ಹುಡುಕಿಕೊಂಡೆ ಎಂದ. ಎಷ್ಟು ದಾರಿ ನಡೆದರೂ ಆತ್ಮದ ಗಡಿ ಸಿಗದು ಎಂದ. ಎಲ್ಲೆ ತಿಳಿ ಎಂದ ಡೆಲ್ಫಿಗೆ, ಎಲ್ಲೆಯೇ ಇಲ್ಲ ಎಂಬ ಮೊದಲ ಎದುರುತ್ತರ ಇದು. ಅತ್ತ ಅಥೆನ್ಸಿನಲ್ಲಿ ಪ್ರೊಟಾಗೊರಸ್, ದೇವರುಗಳು ಇದ್ದಾರೋ ಇಲ್ಲವೋ ತಿಳಿಯಲಾರೆ, ವಿಷಯ ಮಸುಕು, ಆಯುಸ್ಸು ಗಿಡ್ಡ ಎಂದು ಕೈಚೆಲ್ಲಿ, ಮನುಷ್ಯನೇ ಎಲ್ಲದರ ಅಳತೆಗೋಲು ಎಂದು ಸಾರಿದ.

ಸಾಕ್ರಟೀಸ್ ಈ ಎರಡೂ ಕಡೆ ವಾಲಲಿಲ್ಲ. ಪ್ಲೇಟೋನ ಫೀಡ್ರಸ್ ಸಂವಾದದಲ್ಲಿ ಅವನು ಊರ ಹೊರಗೆ ಇಲಿಸಸ್ ಹೊಳೆಯ ದಡದಲ್ಲಿ ನಡೆಯುತ್ತಿರುತ್ತಾನೆ. ಗಾಳಿದೇವತೆ ಬೋರಿಯಸ್ ಹುಡುಗಿಯೊಬ್ಬಳನ್ನು ಹೊತ್ತೊಯ್ದ ಜಾಗ ಇದೇ ಅಲ್ಲವೇ, ಆ ಕಥೆ ನಿಜವೇ ಎಂದು ಗೆಳೆಯ ಕೇಳುತ್ತಾನೆ. ಗಾಳಿ ಬೀಸಿ ಬಂಡೆಯಿಂದ ಬಿದ್ದು ಸತ್ತಳು ಎಂದು ಬುದ್ಧಿವಂತರ ಹಾಗೆ ವಿವರಿಸಬಹುದು, ಆದರೆ ನನಗೆ ಪುರಸತ್ತಿಲ್ಲ ಎನ್ನುತ್ತಾನೆ ಸಾಕ್ರಟೀಸ್. ಡೆಲ್ಫಿಯ ಬರಹ ಹೇಳುವಂತೆ ನನ್ನನ್ನೇ ನಾನಿನ್ನೂ ಅರಿತಿಲ್ಲ. ನಾನು ಟೈಫಾನ್ ರಾಕ್ಷಸನಿಗಿಂತ ಜಟಿಲವಾದ, ಉರಿದುಬೀಳುವ ಮೃಗವೋ, ದೈವದ ಪಾಲು ಪಡೆದ ಸೌಮ್ಯ ಜೀವಿಯೋ, ಅದು ತಿಳಿಯಬೇಕು. ಇಲ್ಲಿ ತನ್ನನ್ನು ತಿಳಿಯುವ ಪ್ರಶ್ನೆಯ ಒಳಗೇ ದೈವ ಬಂದು ಕೂತಿದೆ, ಇನ್ನೂ ಪ್ರಶ್ನೆಯಾಗಿಯೇ ಕೂತಿದೆ. ಮೃಗವಾಗಿರುವ ಸಾಧ್ಯತೆಯನ್ನು ಅವನು ತಳ್ಳಿಹಾಕಿಲ್ಲ. ಗ್ರೀಕರು ತಮ್ಮ ಬಗ್ಗೆ ಕೇಳಿಕೊಂಡ ಅತ್ಯಂತ ಪ್ರಾಮಾಣಿಕ ಪ್ರಶ್ನೆ ನನ್ನ ಪಾಲಿಗೆ ಇದು.

ಯೂಥೈಫ್ರೋ ಸಂವಾದದಲ್ಲಿ ಇದರ ಇನ್ನೊಂದು ಮಗ್ಗುಲು ಕಾಣುತ್ತದೆ. ನ್ಯಾಯಾಧಿಕಾರಿಯ ಕಟ್ಟೆಯ ಬಳಿ ಸಾಕ್ರಟೀಸನಿಗೆ ಸಿಕ್ಕವನು ಹೆತ್ತ ತಂದೆಯ ಮೇಲೆ ಕೊಲೆ ಮೊಕದ್ದಮೆ ಹೂಡಲು ಬಂದಿರುವ ಯೂಥೈಫ್ರೋ. ಅವರ ಕೂಲಿಯಾಳೊಬ್ಬ ಕುಡಿದ ಮತ್ತಿನಲ್ಲಿ ಮನೆಯ ಗುಲಾಮನನ್ನು ಕೊಂದಿದ್ದ. ತಂದೆ ಆ ಕೂಲಿಯವನ ಕೈಕಾಲು ಕಟ್ಟಿ ಹಳ್ಳದಲ್ಲಿ ಕೆಡವಿ, ಮುಂದೇನು ಮಾಡಬೇಕೆಂದು ಅಥೆನ್ಸಿಗೆ ಕೇಳಿಕಳಿಸಿದ. ಹೋದವನು ಉತ್ತರ ತರುವಷ್ಟರಲ್ಲಿ ಹಸಿವು ಚಳಿಗಳಿಂದ ಕೂಲಿಯವನು ಸತ್ತಿದ್ದ. ತಂದೆಯ ಮೇಲೆ ದಾವೆ ಹೂಡುವುದು ಧರ್ಮವೇ ಎಂದರೆ ಯೂಥೈಫ್ರೋಗೆ ಸಂದೇಹವೇ ಇಲ್ಲ. ಜ್ಯೂಸ್ ಕೂಡ ತನ್ನ ತಂದೆಯನ್ನು ಕಟ್ಟಿಹಾಕಲಿಲ್ಲವೇ? ಆಗ ಸಾಕ್ರಟೀಸ್ ಕೇಳುವ ಪ್ರಶ್ನೆ ಇವತ್ತಿಗೂ ಹಳೆಯದಾಗಿಲ್ಲ. ದೇವರುಗಳು ಮೆಚ್ಚುವುದರಿಂದ ಒಂದು ಕೆಲಸ ಪುಣ್ಯವಾಗುತ್ತದೆಯೋ, ಪುಣ್ಯವಾಗಿರುವುದರಿಂದ ದೇವರುಗಳು ಅದನ್ನು ಮೆಚ್ಚುತ್ತಾರೋ? ಯಾವ ಉತ್ತರ ಕೊಟ್ಟರೂ ದೇವರ ಹೆಸರು ಹೇಳಿ ಪಾರಾಗುವ ದಾರಿ ಮುಚ್ಚುತ್ತದೆ.

ಇಷ್ಟು ಹೊಗಳಿದ ಮೇಲೆ ಒಂದು ಕೊರಗನ್ನೂ ಹೇಳಬೇಕು. ಇಡೀ ಸಂವಾದದಲ್ಲಿ ಹಳ್ಳದಲ್ಲಿ ಸತ್ತ ಆ ಕೂಲಿಯವನ ಬಗ್ಗೆ ಸಾಕ್ರಟೀಸ್ ಕನಿಕರದ ಒಂದು ಮಾತನ್ನೂ ಆಡುವುದಿಲ್ಲ. ಸತ್ತವನು ಮನೆಯವನೋ ಹೊರಗಿನವನೋ ನೋಡಬಾರದು, ಅನ್ಯಾಯವೇ ಎಂದು ಮಾತ್ರ ನೋಡಬೇಕು ಎಂದವನು, ನಾವು ಲಘುವಾಗಿ ಕಾಣುವ ಯೂಥೈಫ್ರೋ.

ಪ್ಲೇಟೋ ಈ ಪ್ರಶ್ನೆಗಳನ್ನು ಯಾರ ಮುಂದೆ ಇಡಿಸಿದ ಎಂಬುದೂ ಗಮನಿಸತಕ್ಕದ್ದು. ಕಾರ್ಮಿಡೀಸ್ ಸಂವಾದದಲ್ಲಿ ಡೆಲ್ಫಿಯ ಬರಹಕ್ಕೆ ವ್ಯಾಖ್ಯಾನ ಕೊಟ್ಟು, ಸಂಯಮವೆಂದರೆ ತನ್ನನ್ನು ತಾನು ತಿಳಿಯುವುದೇ ಎಂದು ವಾದಿಸುವವನು ಕ್ರಿಟಿಯಾಸ್. ಕ್ರಿ.ಪೂ. 404ರಲ್ಲಿ ಅಥೆನ್ಸನ್ನು ರಕ್ತದಲ್ಲಿ ಅದ್ದಿದ ಮೂವತ್ತು ಮಂದಿ ನಿರಂಕುಶರ ಮುಂದಾಳು ಅವನೇ. ತನ್ನನ್ನು ತಿಳಿಯುವ ಬಗ್ಗೆ ಇನ್ನೊಂದು ಸಂವಾದದಲ್ಲಿ ಪಾಠ ಕೇಳುವವನು ಆಲ್ಸಿಬಯಡೀಸ್. ದೇವತಾ ರಹಸ್ಯಗಳನ್ನು ಅಣಕಿಸಿದ ಆರೋಪ ಹೊತ್ತು, ಕ್ರಿ.ಪೂ. 415ರ ಸಿಸಿಲಿ ದಂಡಯಾತ್ರೆಯ ನಡುವಿನಿಂದ ಶತ್ರು ಪಾಳೆಯಕ್ಕೆ ಓಡಿಹೋದವನು. ಓದುಗರಿಗೆ ಇದೆಲ್ಲ ಗೊತ್ತಿತ್ತು. ಕ್ರಿ.ಪೂ. 399ರಲ್ಲಿ ನಗರದ ದೇವರುಗಳನ್ನು ಒಪ್ಪದವನು, ಹೊಸ ದೈವಗಳನ್ನು ತಂದವನು, ಯುವಕರನ್ನು ಕೆಡಿಸಿದವನು ಎಂದು ಸಾಕ್ರಟೀಸನ ಮೇಲೆ ಆರೋಪ ಹೊರಿಸಿದಾಗ ಜನರ ಮನಸ್ಸಿನಲ್ಲಿದ್ದದ್ದು ಇಂಥ ಹೆಸರುಗಳೇ. ತನ್ನನ್ನು ತಿಳಿಯುವ ಪಾಠ ಕೇಳಿದವರು ತಮ್ಮನ್ನು ತಿಳಿಯಲಿಲ್ಲ. ಆ ಸೋಲನ್ನು ಪ್ಲೇಟೋ ಮುಚ್ಚಿಡಲಿಲ್ಲ, ಅದು ಅವನ ದೊಡ್ಡತನ.

ಏಣಿ ಹುಟ್ಟಿದ್ದು ಆಲ್ಸಿಬಯಡೀಸ್ ಸಂವಾದದಲ್ಲಿ. ಅದು ಪ್ಲೇಟೋನದೇ ಹೌದೇ ಎಂಬ ಅನುಮಾನ 19ನೆಯ ಶತಮಾನದಿಂದ ಇದೆ. ಆದರೆ ಪ್ರಾಚೀನರಿಗೆ ಆ ಅನುಮಾನವಿರಲಿಲ್ಲ. ಪ್ಲೇಟೋನ ಓದು ಇಲ್ಲಿಂದಲೇ ಶುರುವಾಗಬೇಕೆಂದು ನವಪ್ಲೇಟೋವಾದಿಗಳು ನಿಯಮ ಮಾಡಿದ್ದರು. ಕಣ್ಣು ತನ್ನನ್ನು ತಾನು ನೋಡಿಕೊಳ್ಳುವುದು ಹೇಗೆ ಎಂದು ಅಲ್ಲಿ ಸಾಕ್ರಟೀಸ್ ಕೇಳುತ್ತಾನೆ. ಇನ್ನೊಂದು ಕಣ್ಣಿನ ಪಾಪೆಯಲ್ಲಿ. ಹಾಗೆಯೇ ಆತ್ಮವು ತನ್ನನ್ನು ತಿಳಿಯಬೇಕಾದರೆ ಇನ್ನೊಂದು ಆತ್ಮದ ಅತ್ಯುತ್ತಮ ಭಾಗವನ್ನು, ವಿವೇಕ ನೆಲೆಸಿದ ಭಾಗವನ್ನು ನೋಡಬೇಕು. ಆ ಭಾಗ ದೇವರನ್ನು ಹೋಲುತ್ತದೆ. ಇದಾದ ಮೇಲೆ, ದೇವರೇ ಎಲ್ಲಕ್ಕಿಂತ ಶುಭ್ರವಾದ ಕನ್ನಡಿ ಎನ್ನುವ ಕೆಲವು ಸಾಲುಗಳಿವೆ. ಅವು ಮುಖ್ಯ ಹಸ್ತಪ್ರತಿಗಳಲ್ಲಿಲ್ಲ. ಭಾರತೀಯನ ಕಥೆ ಉಳಿಸಿದ ಅದೇ ಯುಸೇಬಿಯಸ್ ಉದ್ಧರಿಸಿದ್ದರಿಂದ ನಮಗೆ ಸಿಕ್ಕಿವೆ. ಅವನ್ನು ಯಾರೋ ನಂತರ ಸೇರಿಸಿದರೆಂದೇ ಅನೇಕ ವಿದ್ವಾಂಸರ ಅಭಿಪ್ರಾಯ.

ನನಗೆ ಆ ಸಾಲುಗಳಿಲ್ಲದ ಪಾಠವೇ ಹೆಚ್ಚು ಇಷ್ಟ. ಒಬ್ಬರ ಕಣ್ಣು ಇನ್ನೊಬ್ಬರ ಕಣ್ಣಿನಲ್ಲಿ ನೋಡುವಾಗ ಎದುರಿಗೆ ಒಬ್ಬ ಮನುಷ್ಯನಿರಬೇಕು, ಮಾತು ಮರುಮಾತು ಇರಬೇಕು. ಕನ್ನಡಿ ದೇವರದೇ ಆಗಿಬಿಟ್ಟರೆ ಎದುರಿನ ಮನುಷ್ಯ ಬೇಡವಾಗುತ್ತಾನೆ. ತಪ್ಪು ಹೇಳಿದಾಗ ತಿದ್ದುವವರೂ ಇಲ್ಲವಾಗುತ್ತಾರೆ. ಇನ್ನೂ ತೊಡಕಿನ ಸಂಗತಿಯೆಂದರೆ, ನಮ್ಮಲ್ಲಿ ಶ್ರೇಷ್ಠವಾದದ್ದು ದೇವರಂತಿದೆ ಎಂದು ಒಪ್ಪಿದ ಕೂಡಲೇ ದೇವರು ನಮ್ಮಲ್ಲಿ ಶ್ರೇಷ್ಠವಾದದ್ದರಂತೆ ಇದ್ದಾನೆ ಎಂದಾಗುತ್ತದೆ. ಯಾವುದು ಶ್ರೇಷ್ಠ ಎಂದು ತೀರ್ಮಾನಿಸುವವರು ತತ್ತ್ವಜ್ಞಾನಿಗಳೇ. ಅವರಿಗೆ ಶ್ರೇಷ್ಠವೆನಿಸುವುದು ಬುದ್ಧಿ. ಎತ್ತು ಕುಂಚ ಹಿಡಿದದ್ದು ಹೀಗೆ.

ಅರಿಸ್ಟಾಟಲನಲ್ಲಿ ಚಿತ್ರ ಪೂರ್ಣವಾಗುತ್ತದೆ. ಮನುಷ್ಯರು ತಾವು ರಾಜರ ಆಳ್ವಿಕೆಯಲ್ಲಿದ್ದುದರಿಂದ ದೇವರುಗಳಿಗೂ ರಾಜನೊಬ್ಬನನ್ನು ಕಲ್ಪಿಸಿದರು ಎಂದು ರಾಜನೀತಿಯ ಗ್ರಂಥದಲ್ಲಿ ಬರೆದವನು ಅವನು. ದೇವರಿಗೆ ಮನುಷ್ಯರೂಪ ಕೊಟ್ಟದ್ದು ಜನರನ್ನು ಒಲಿಸಲು, ಕಾನೂನಿನ ಅನುಕೂಲಕ್ಕಾಗಿ ಎಂದು ಮೆಟಾಫಿಸಿಕ್ಸ್‌ನ ಹನ್ನೆರಡನೆಯ ಪುಸ್ತಕದಲ್ಲಿಯೂ ಹೇಳಿದ. ಕ್ಸೆನೊಫನೀಸ್‌ನ ಪಾಠ ಅವನಿಗೆ ಕರಗತವಾಗಿತ್ತು. ಹಾಗಿದ್ದೂ ಅದೇ ಹನ್ನೆರಡನೆಯ ಪುಸ್ತಕದಲ್ಲಿ ಅವನು ಕೊಡುವ ದೇವರು ಯಾರು? ತಾನು ಚಲಿಸದೆ ಎಲ್ಲವನ್ನೂ ಚಲಿಸುವಂತೆ ಮಾಡುವ, ತನ್ನ ಚಿಂತನೆಯನ್ನೇ ನಿರಂತರ ಚಿಂತಿಸುವ ಚಿಂತನೆ. ನೀತಿಶಾಸ್ತ್ರದಲ್ಲಿ ಇದಕ್ಕೆ ವಾದವಿದೆ. ದೇವರುಗಳು ವ್ಯಾಪಾರದ ಕರಾರು ಮಾಡಿಕೊಳ್ಳುತ್ತಾರೆಯೇ, ಯುದ್ಧದಲ್ಲಿ ಧೈರ್ಯ ತೋರುತ್ತಾರೆಯೇ, ನಂಬಿ ಇಟ್ಟದ್ದನ್ನು ಹಿಂದಿರುಗಿಸುತ್ತಾರೆಯೇ? ಒಂದೊಂದನ್ನೇ ತೆಗೆಯುತ್ತ ಹೋದರೆ ಕೊನೆಗೆ ಉಳಿಯುವುದು ಧ್ಯಾನಸ್ಥ ಚಿಂತನೆ. ವಾದ ಚೊಕ್ಕವಾಗಿದೆ. ಆದರೆ ಎಲ್ಲವನ್ನೂ ತೆಗೆದವನು ತನ್ನ ಕಸುಬನ್ನು ಮಾತ್ರ ಏಕೆ ಉಳಿಸಿದ? ಅದೇ ಗ್ರಂಥದಲ್ಲಿ, ಮನುಷ್ಯನಾಗಿ ಹುಟ್ಟಿದವನು ಮನುಷ್ಯನಿಗೆ ತಕ್ಕಷ್ಟೇ ಯೋಚಿಸಬೇಕೆನ್ನುವವರ ಮಾತು ಕೇಳಬೇಡಿ, ಆದಷ್ಟೂ ಅಮರರಾಗಿ ಎನ್ನುತ್ತಾನೆ. ಡೆಲ್ಫಿಯ ಮಾತನ್ನು ಅದರ ಹಳೆಯ ಅರ್ಥದಲ್ಲಿ ಇಷ್ಟು ನೇರವಾಗಿ ತಿರಸ್ಕರಿಸಿದವರು ಇನ್ನೊಬ್ಬರಿಲ್ಲ.

ಇದಕ್ಕೆ ಆಕ್ಷೇಪ ಅವನದೇ ಬಳಗದಿಂದ ಬಂತು. ಮ್ಯಾಗ್ನಾ ಮೊರಾಲಿಯಾ ಎಂಬ ಗ್ರಂಥ ಅರಿಸ್ಟಾಟಲನ ಹೆಸರಿನಲ್ಲಿದೆ, ಕರ್ತೃತ್ವ ವಿವಾದದಲ್ಲಿದೆ. ತನ್ನನ್ನೇ ತಾನು ನೋಡಿಕೊಂಡು ಕೂರುವ ಮನುಷ್ಯನನ್ನು ನಾವು ಮರುಳನೆಂದು ಬೈಯುತ್ತೇವೆ, ದೇವರು ಹಾಗೆ ಕೂತಿದ್ದಾನೆನ್ನುವುದು ಅಸಂಬದ್ಧವಲ್ಲವೇ ಎಂದು ಅಲ್ಲಿ ಪ್ರಶ್ನೆಯಿದೆ. ಮುಖ ನೋಡಲು ಕನ್ನಡಿ ಬೇಕಾದಂತೆ ನಮ್ಮನ್ನು ತಿಳಿಯಲು ಗೆಳೆಯ ಬೇಕು ಎಂಬ ಮಾತೂ ಅದರ ಬೆನ್ನಿಗೇ ಬರುತ್ತದೆ. ನಮ್ಮ ತಪ್ಪು ನಮಗೆ ಕಾಣುವುದಿಲ್ಲ, ಇತರರಲ್ಲಿ ಅದೇ ತಪ್ಪನ್ನು ಕಂಡರೆ ಬೈಯುತ್ತೇವೆ, ಅದಕ್ಕೇ ಗೆಳೆಯ ಬೇಕು. ಯಾರೇ ಬರೆದಿರಲಿ, ಇಡೀ ಪರಂಪರೆಯಲ್ಲಿ ನೆಲಕ್ಕೆ ಕಾಲೂರಿದ ಮಾತು ಇದು.

ಇನ್ನು ಪ್ಲೇಟೋನ ವೃದ್ಧಾಪ್ಯದ ಕೃತಿ, ಲಾಸ್. ಸಾಕ್ರಟೀಸ್ ಇಲ್ಲವೇ ಇಲ್ಲದ ದೀರ್ಘ ಸಂವಾದ. ಪ್ರೊಟಾಗೊರಸ್‌ಗೆ ಪ್ರತಿಯಾಗಿ, ಎಲ್ಲದರ ಅಳತೆಗೋಲು ದೇವರು ಎನ್ನುತ್ತದೆ ಅದು. ಹತ್ತನೆಯ ಪುಸ್ತಕದಲ್ಲಿ, ತನ್ನನ್ನು ತಾನೇ ಚಲಿಸುವಂಥದು ಆತ್ಮವೊಂದೇ, ಆದ್ದರಿಂದ ಜಗತ್ತಿನ ಚಲನೆಗೆಲ್ಲ ಮೂಲ ಆತ್ಮ, ಆದ್ದರಿಂದ ದೇವರುಗಳಿದ್ದಾರೆ ಎಂಬ ಸಾಧನೆ ಬರುತ್ತದೆ. ತತ್ತ್ವಶಾಸ್ತ್ರದಲ್ಲಿ ದೇವರ ಅಸ್ತಿತ್ವಕ್ಕೆ ಕೊಟ್ಟ ಮೊದಮೊದಲ ವ್ಯವಸ್ಥಿತ ಪ್ರಮಾಣಗಳಲ್ಲಿ ಇದೊಂದು. ಪ್ರಮಾಣ ಮುಗಿದ ಮೇಲೆ ಶಿಕ್ಷೆಯ ಪಟ್ಟಿ. ದೇವರಿಲ್ಲವೆಂದು ತಿಳಿದವರು, ದೇವರಿಗೆ ನಮ್ಮ ಗೊಡವೆಯಿಲ್ಲ ಎಂದವರು, ದೇವರನ್ನು ಕಾಣಿಕೆಯಿಂದ ಒಲಿಸಬಹುದೆಂದವರು ಅಪರಾಧಿಗಳು. ನಡತೆಯಲ್ಲಿ ಸಜ್ಜನರಾಗಿ ಬರಿಯ ಅವಿವೇಕದಿಂದ ಹಾಗೆ ನಂಬಿದವರನ್ನು ಕಡಿಮೆಯೆಂದರೆ ಐದು ವರ್ಷ ಬುದ್ಧಿ ಬರಿಸುವ ಸೆರೆಮನೆಯಲ್ಲಿಡಬೇಕು. ಬಿಟ್ಟ ಮೇಲೂ ತಿದ್ದಿಕೊಳ್ಳದಿದ್ದರೆ ಮರಣದಂಡನೆ. ಗುರುವನ್ನು ದೈವನಿಂದೆಯ ಆರೋಪದಲ್ಲಿ ಕೊಂದದ್ದನ್ನು ಕಂಡವನು ಇದನ್ನು ಬರೆದನೆಂಬುದು ಪ್ರತಿ ಸಲ ಓದುವಾಗಲೂ ನೋವು ಕೊಡುತ್ತದೆ. ಕಾಲ ಕೆಟ್ಟಿತ್ತು, ಅಥೆನ್ಸ್ ಸೋತಿತ್ತು ಎಂದು ಸಮರ್ಥಿಸುವವರಿದ್ದಾರೆ. ನನಗೆ ಕಾರಣ ವಾದದ ಒಳಗೇ ಕಾಣುತ್ತದೆ. ದೇವರನ್ನು ಕುರಿತ ತರ್ಕ ನಿಶ್ಚಯವಾಗಿ ಗೆದ್ದಿತೆಂದು ತಿಳಿದವನಿಗೆ, ಒಪ್ಪದವನು ರೋಗಿಯಾಗಿಯೋ ಅಪರಾಧಿಯಾಗಿಯೋ ಮಾತ್ರ ಕಾಣಲು ಸಾಧ್ಯ. ಕ್ಸೆನೊಫನೀಸ್‌ನ ಅಳುಕು ಅಲ್ಲಿ ಇರಬೇಕಿತ್ತು.

ಅನಂತರದ ಶಾಲೆಗಳನ್ನು ಬೇಗ ದಾಟಬಹುದು. ಎಪಿಕ್ಯೂರಸ್ ದೇವರುಗಳಿದ್ದಾರೆ, ಸುಖವಾಗಿದ್ದಾರೆ, ನಮ್ಮ ಉಸಾಬರಿ ಅವರಿಗಿಲ್ಲ ಎಂದು ಭಯ ಬಿಡಿಸಿದ. ಆ ದೇವರುಗಳಿಗೂ ಮನುಷ್ಯರೂಪವನ್ನೇ ಕೊಟ್ಟ. ಕ್ರಿ.ಪೂ. 45ರಲ್ಲಿ ಸಿಸೆರೋ ಬರೆದ ದೇವತಾಸ್ವರೂಪದ ಸಂವಾದದಲ್ಲಿ ಕೊಟ್ಟಾ ಎಂಬುವನು ಅದನ್ನು ಚಿಂದಿ ಮಾಡುತ್ತಾನೆ. ಕೊಟ್ಟಾ ಸ್ವತಃ ರೋಮಿನ ಅರ್ಚಕ ಮಂಡಲಿಯವನು. ತರ್ಕ ಬಿದ್ದರೂ ಆಚರಣೆ ನಡೆಯಲಿ ಎನ್ನುವವನು. ಸ್ಟೋಯಿಕರ ಪೈಕಿ ನನಗೆ ಮುಖ್ಯನೆನಿಸುವವನು ಎಪಿಕ್ಟೀಟಸ್. ಗುಲಾಮನಾಗಿದ್ದ ಅವನು, ನೀನು ದೇವರ ತುಣುಕು, ದೇವರನ್ನು ಹೊತ್ತು ತಿರುಗುತ್ತಿದ್ದೀಯೆ, ನಿನಗದು ತಿಳಿದಿಲ್ಲ ಎಂದು ಹೇಳಿದಾಗ ಆ ಮಾತಿಗೆ ಅರಿಸ್ಟಾಟಲನಲ್ಲಿಲ್ಲದ ತೂಕ ಬರುತ್ತದೆ. ಬಿಡುವಿದ್ದವನ ಚಿಂತನೆಯಲ್ಲಿ ಮಾತ್ರ ಕಾಣಿಸುತ್ತಿದ್ದ ದೈವ ಇಲ್ಲಿ ಮಾರಾಟದ ಸರಕಾಗಿದ್ದವನ ಎದೆಯಲ್ಲಿದೆ. ಗುಲಾಮಗಿರಿ ತೊಲಗಲಿ ಎಂದು ಅವನೂ ಹೇಳಲಿಲ್ಲ. ಅಷ್ಟನ್ನು ಆ ಪರಂಪರೆ ಯೋಚಿಸಲಾರದೆ ಹೋಯಿತು.

ಇಡೀ ಕಟ್ಟಡದ ಬುಡ ಅಲುಗಿಸಿದ ಪ್ರಶ್ನೆ ಸಂಶಯವಾದಿ ಸೆಕ್ಸ್‌ಟಸ್ ಎಂಪಿರಿಕಸ್‌ನಲ್ಲಿ ಸಿಗುತ್ತದೆ. ಬುದ್ಧಿ ತನ್ನನ್ನು ತಿಳಿಯುತ್ತದೆ ಎನ್ನುತ್ತೀರಿ. ಇಡೀ ಬುದ್ಧಿಯೇ ತಿಳಿಯುವುದಾದರೆ ತಿಳಿಯಲ್ಪಡುವುದಕ್ಕೆ ಏನೂ ಉಳಿಯುವುದಿಲ್ಲ. ಅದರ ಒಂದು ಭಾಗ ತಿಳಿಯುವುದಾದರೆ ಆ ಭಾಗವನ್ನು ತಿಳಿಯುವವರು ಯಾರು? ಇದಕ್ಕೆ ಉತ್ತರಿಸುವ ಹೊಣೆ ಬಿದ್ದದ್ದು ಪ್ಲೊಟಿನಸ್‌ನ ಮೇಲೆ.

ಅಲೆಕ್ಸಾಂಡ್ರಿಯದಲ್ಲಿ ಅಮೋನಿಯಸ್‌ನ ಬಳಿ ಹನ್ನೊಂದು ವರ್ಷ ಕಲಿತ ಪ್ಲೊಟಿನಸ್ ಪರ್ಷಿಯ ಮತ್ತು ಭಾರತದ ತತ್ತ್ವಜ್ಞಾನವನ್ನು ತಿಳಿಯುವ ಆಸೆಯಿಂದ, ಕ್ರಿ.ಶ. 243ರಲ್ಲಿ ಚಕ್ರವರ್ತಿ ಮೂರನೆಯ ಗೋರ್ಡಿಯನ್‌ನ ಪೂರ್ವದ ದಂಡಯಾತ್ರೆಯನ್ನು ಸೇರಿದ. ಚಕ್ರವರ್ತಿ ದಾರಿಯಲ್ಲೇ ಹತನಾದ; ಪ್ಲೊಟಿನಸ್ ಆಂಟಿಯೋಕ್‌ಗೆ ತಪ್ಪಿಸಿಕೊಂಡು ಬಂದು ರೋಮಿನಲ್ಲಿ ನೆಲೆಸಿದ. ಅವನ ಅದ್ವೈತದಂಥ ಮಾತುಗಳಿಗೆ ಉಪನಿಷತ್ತೇ ಮೂಲವೆಂದು ಹೇಳಲು ನಮ್ಮಲ್ಲಿ ಉತ್ಸಾಹ ಹೆಚ್ಚು. ಅವನು ಇಲ್ಲಿಗೆ ತಲುಪಲೇ ಇಲ್ಲ ಎಂಬುದನ್ನು ಆ ಉತ್ಸಾಹ ಮರೆಯಬಾರದು. ಅವನು ಬಿಡಿಸುತ್ತಿದ್ದ ಗಂಟು ಗ್ರೀಕರೇ ಹಾಕಿಕೊಂಡಿದ್ದ ಗಂಟು.

ಅವನ ಉತ್ತರ ಎರಡು ಹೆಜ್ಜೆಯದು. ಶುದ್ಧ ಬುದ್ಧಿಯಲ್ಲಿ ತಿಳಿಯುವುದೂ ತಿಳಿಯಲ್ಪಡುವುದೂ ತಿಳಿಯುವ ಕ್ರಿಯೆಯೂ ಒಂದೇ. ಅಲ್ಲಿ ಭಾಗಗಳಿಲ್ಲ, ಆದ್ದರಿಂದ ಸೆಕ್ಸ್‌ಟಸ್‌ನ ಕತ್ತರಿ ಅಲ್ಲಿ ಆಡದು. ಎರಡನೆಯ ಹೆಜ್ಜೆ ಇದಕ್ಕಿಂತ ದಿಟ್ಟವಾದದ್ದು. ಎಷ್ಟೇ ಒಂದಾಗಿದ್ದರೂ ತನ್ನನ್ನು ತಾನು ತಿಳಿಯುವುದರಲ್ಲಿ ಇಬ್ಬಗೆಯ ನೆರಳಿದೆ, ಕೊರತೆಯ ನೆರಳಿದೆ. ಎಲ್ಲಕ್ಕೂ ಮೇಲಿನ ಏಕಕ್ಕೆ ಕೊರತೆಯಿಲ್ಲ, ಆದ್ದರಿಂದ ಅದು ಚಿಂತಿಸುವುದಿಲ್ಲ, ತನ್ನನ್ನು ತಿಳಿಯುವುದೂ ಇಲ್ಲ. ಅರಿಸ್ಟಾಟಲ್ ಉಳಿಸಿಕೊಂಡಿದ್ದ ಕೊನೆಯ ಮನುಷ್ಯಗುಣವನ್ನೂ, ತತ್ತ್ವಜ್ಞಾನಿಯ ಹೆಮ್ಮೆಯ ಗುಣವನ್ನೇ, ಅವನು ದೇವರಿಂದ ಕಳಚಿದ. ತನ್ನನ್ನು ತಿಳಿಯುವುದನ್ನು ಕುರಿತೇ ಬರೆದ ಆ ಪ್ರಬಂಧದ ಕೊನೆಯಲ್ಲಿ, ಎಲ್ಲವನ್ನೂ ತೆಗೆದುಹಾಕು ಎಂದಷ್ಟೇ ಹೇಳಿ ನಿಲ್ಲಿಸುತ್ತಾನೆ. ಇದು ಕ್ಸೆನೊಫನೀಸ್‌ನ ಎಚ್ಚರಕ್ಕೆ ಸಂದ ಗೌರವ. ಆದರೆ ಎಲ್ಲವನ್ನೂ ತೆಗೆಯುವಾಗ ಸಾಕ್ರಟೀಸ್ ಮಾತಾಡಿಸುತ್ತಿದ್ದ ಮನುಷ್ಯನೂ ಹೋಗುತ್ತಾನೆ, ಟೈಫಾನ್‌ನಂಥ ಮೃಗವೋ ಸೌಮ್ಯ ಜೀವಿಯೋ ಎಂದು ತನ್ನನ್ನೇ ಕೇಳಿಕೊಳ್ಳುವವನು. ಪ್ಲೊಟಿನಸ್‌ಗೆ ಆ ಅನುಮಾನವಿರಲಿಲ್ಲ. ಅವನ ದೃಷ್ಟಿಯಲ್ಲಿ ಆತ್ಮದ ಒಂದು ಭಾಗ ಮೇಲಿನಿಂದ ಕೆಳಗೆ ಇಳಿದೇ ಇಲ್ಲ.

ಶಿಷ್ಯ ಪೊರ್ಫಿರಿ ಬರೆದ ಜೀವನಚರಿತ್ರೆಯಲ್ಲಿ ಎರಡು ಪ್ರಸಂಗಗಳಿವೆ. ಆತ್ಮವು ದೇಹದೊಡನೆ ಕೂಡಿರುವುದು ಹೇಗೆ ಎಂದು ಪೊರ್ಫಿರಿ ಮೂರು ದಿನ ಬಿಡದೆ ಪ್ರಶ್ನೆ ಕೇಳಿದ, ಪ್ಲೊಟಿನಸ್ ಮೂರು ದಿನವೂ ಉತ್ತರಿಸಿದ. ಬೇಸತ್ತ ಕೇಳುಗನೊಬ್ಬ ತಡೆದಾಗ, ಪೊರ್ಫಿರಿಯ ಸಂದೇಹ ಬಿಡಿಸದಿದ್ದರೆ ನಮಗೆ ಬರೆದಿಡಲು ಏನೂ ಇರದು ಎಂದ. ಇನ್ನೊಂದು ಸಲ ಅಮೀಲಿಯಸ್ ಎಂಬ ಶಿಷ್ಯ, ಅಮಾವಾಸ್ಯೆ ಹಬ್ಬಗಳಿಗೆ ತಪ್ಪದೆ ಗುಡಿ ಸುತ್ತುವವನು, ಗುರುವನ್ನೂ ಜತೆಗೆ ಕರೆದ. ಅವರು ನನ್ನ ಬಳಿಗೆ ಬರಬೇಕು, ನಾನು ಅವರ ಬಳಿಗೆ ಹೋಗುವುದಲ್ಲ ಎಂದುಬಿಟ್ಟ ಪ್ಲೊಟಿನಸ್. ದೇವರುಗಳನ್ನು ಕುರಿತು ಮನುಷ್ಯನೊಬ್ಬ ಆಡಿದ ಈ ಮಾತಿನ ಅರ್ಥ ತಮಗೆ ತಿಳಿಯಲಿಲ್ಲ ಎಂದು ಪೊರ್ಫಿರಿ ಬರೆಯುತ್ತಾನೆ. ಮೂರು ದಿನ ಪ್ರಶ್ನಿಸಿದ್ದವನಿಗೂ ಇದೊಂದನ್ನು ಕೇಳಲು ಧೈರ್ಯವಾಗಲಿಲ್ಲ.